ನಿಂತು ಬಡಿದ ರೊಟ್ಟಿ

ಅರಕೇರಾದ ಪರಮಣ್ಣನ ಮನೆಯಲ್ಲಿ ಬೆಳಗಾದದ್ದು ಓಣಿಗೆಲ್ಲ ಗೊತ್ತಾಗುತ್ತಿದ್ದುದು ರೊಟ್ಟಿ ಬಡಿಯುವ ಸದ್ದಿನಿಂದ. ಪಟಪಟನೆ ಒಂದೇ ತಾಳ. ಒಂದು ರೊಟ್ಟಿಗೂ ಇನ್ನೊಂದಕ್ಕೂ ನಡುವೆ ಉಸಿರು ಬಿಡುವಷ್ಟೇ ಬಿಡುವು. ಆ ಸದ್ದು ಕೇಳಿದರೆ ಪಕ್ಕದ ಮನೆಯ ಕನಕಮ್ಮ, "ದುರುಗಿ ಆಗಲೇ ಹತ್ತು ರೊಟ್ಟಿ ಇಳಿಸ್ಯಾಳ, ನೀವಿನ್ನೂ ಬಿದ್ದೀರಲ್ಲ, ಏಳ್ರಿ" ಎಂದು ತನ್ನ ಮಕ್ಕಳ ಕೌದಿ ಎಳೆಯುತ್ತಿದ್ದಳು.

ಪರಮಣ್ಣನ ಮಗಳು ದುರುಗಮ್ಮನಿಗೆ ಆಗ ಹತ್ತೊಂಬತ್ತು ವರ್ಷ. ಮೂರನೆಯ ವಯಸ್ಸಿನಲ್ಲಿ ಬಂದ ಜ್ವರ ಹೋಗುವಾಗ ಸುಮ್ಮನೆ ಹೋಗಲಿಲ್ಲ. ಬಲಗಾಲನ್ನು ಪೂರ್ತಿ, ಎಡಗಾಲನ್ನು ಅರ್ಧ ಕಸಿದುಕೊಂಡು ಹೋಯಿತು. ಅಂದಿನಿಂದ ಆಕೆಯ ಓಡಾಟವೆಲ್ಲ ಕೂತಲ್ಲೇ. ಎರಡೂ ಅಂಗೈಯನ್ನು ನೆಲಕ್ಕೆ ಊರಿ, ಮೈಯೆತ್ತಿ, ಮುಂದಕ್ಕೆ ಸರಿಯಬೇಕು. ಹದಿನಾರು ವರ್ಷ ಹಾಗೆ ಸರಿದು ಸರಿದು ಅಂಗೈ ಒಡ್ಡುಗಟ್ಟಿತ್ತು. ರೊಟ್ಟಿ ಬಿಸಿ ಅನ್ನಿಸುತ್ತಲೇ ಇರಲಿಲ್ಲ. ನಾಲಿಗೆಯೊಂದು ಮಾತ್ರ ಜ್ವರದ ಕೈಗೆ ಸಿಕ್ಕಿರಲಿಲ್ಲ. ಅದು ಮನೆಮಂದಿಯ ಕಾಲುಗಳನ್ನೆಲ್ಲ ಕೂಡಿಸಿದರೂ ಮುಂದೆ ಓಡುತ್ತಿತ್ತು.

ಮನೆ ನಡೆಸುವವಳು ಆಕೆಯ ಆಯಿ, ಅಂದರೆ ಅಪ್ಪನ ತಾಯಿ, ಭೀಮವ್ವ. ಎಪ್ಪತ್ತರ ಮುದುಕಿ, ಅಂಗೈಯಗಲದ ಮೈ, ಊರಗಲದ ದನಿ. ಕಿವಿಗೆ ದಾರ ಕಟ್ಟಿದ ಚಷ್ಮಾದೊಳಗಿಂದ ಆಕೆ ಒಮ್ಮೆ ನೋಡಿದರೆ ಸಾಕು, ಅರವತ್ತು ಕುರಿ ಕಾಯುವ, ತೋಳ ಬಂದರೆ ಬರಿಗೈಯಲ್ಲಿ ಅಟ್ಟುವ ಮಗ ಪರಮಣ್ಣ ಕುರಿಗಿಂತ ಮೆತ್ತಗಾಗುತ್ತಿದ್ದ. ಸೊಸೆ ಯಂಕಮ್ಮನಂತೂ ಅತ್ತೆಯ ಎದುರು ಮಾತಾಡಿದ್ದನ್ನು ಯಾರೂ ಕೇಳಿಲ್ಲ. ಹಾಗಂತ ಭೀಮವ್ವ ಕೆಟ್ಟವಳಲ್ಲ. ದಿನವೂ ಮೊಮ್ಮಗಳ ಕಾಲಿಗೆ ಎಳ್ಳೆಣ್ಣೆ ತಿಕ್ಕುವವಳು ಅವಳೇ. ಹರಕೆ ಹೊರದ ದೇವರಿಲ್ಲ, ಕಟ್ಟಿಸದ ತಾಯತವಿಲ್ಲ. ಈ ಕಥೆಯಲ್ಲಿ ಬರುವ ಅನ್ಯಾಯವನ್ನು ಮಾಡಿದವರು ಆ ಹುಡುಗಿಯ ಮೇಲೆ ಜೀವ ಇಟ್ಟುಕೊಂಡವರೇ. ನಮ್ಮ ಮನೆಗಳ ಅನ್ಯಾಯಗಳಲ್ಲಿ ಹೆಚ್ಚಿನವು ಹೀಗೇ ಅಲ್ಲವೇ?

ಎಂಬತ್ತೊಂದನೆಯ ಇಸವಿ. ಅದು ಅಂಗವಿಕಲರ ವರ್ಷವೆಂದು ರೇಡಿಯೋದವರು ಬೆಳಿಗ್ಗೆ ಸಂಜೆ ಹೇಳುತ್ತಿದ್ದರು. ಅರಕೇರಾದಲ್ಲಿ ಅದನ್ನು ಕಿವಿಗೆ ಹಾಕಿಕೊಂಡವರು ಒಬ್ಬರೇ, ಮನೆಮನೆಗೆ ಸೂಜಿಮದ್ದು ಹಾಕಲು ಬರುವ ನರ್ಸಮ್ಮ ಸರ್ವರಿ ಬೇಗಂ. ಒಂದು ಮಧ್ಯಾಹ್ನ ಆಕೆ ಪಡಸಾಲೆಗೆ ಬಂದು ಚೀಲ ಇಳಿಸಿದವಳೇ ವಿಷಯ ತೆಗೆದಳು.

"ಭೀಮವ್ವಾ, ರಾಯಚೂರಾಗ ಶಿಬಿರ ಮಾಡಾಕತ್ತಾರ. ಕಾಲಿಗೆ ಕಬ್ಬಿಣದ ಸಳಿ ಕಟ್ಟಿ, ಬೂಟು ಹಾಕಿ, ನಡಿಯಾಕ ಕಲಸತಾರ. ದುರುಗಮ್ಮನ್ನ ಕಳಸ್ರಿ."

"ದೇವರು ಕೊಟ್ಟಿದ್ದು ಯವ್ವಾ. ಬ್ಯಾಡ ಅನ್ನಾಕ ನಾವ್ಯಾರು?" ಎಂದಳು ಭೀಮವ್ವ.

"ನಿಮ್ಮ ಕಣ್ಣು ಮಂಜಾಗಿದ್ದೂ ದೇವರು ಕೊಟ್ಟಿದ್ದೇ ಅಲ್ಲೇನು? ಮತ್ತ ಚಷ್ಮಾ ಯಾಕ ಹಾಕ್ಕೊಂಡೀರಿ?"

ಭೀಮವ್ವ ಚಷ್ಮಾ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು. ಉತ್ತರ ಹೊಳೆಯದಿದ್ದಾಗ ಆಕೆ ಮಾಡುತ್ತಿದ್ದುದು ಅದನ್ನೇ.

"ಹೋಗಿ ಬರ್ತೀನಿ ಆಯಿ," ಎಂದಳು ದುರುಗಮ್ಮ, ಅಡಿಗೆಮನೆಯ ಬಾಗಿಲಿಂದ. "ನಡಿಯಾಕ ಬರಲಿಲ್ಲಂದ್ರ ರಾಯಚೂರರ ನೋಡಿದಂಗಾತು."

ಹೀಗೆ ಅಪ್ಪ ಮಗಳು ದೇವದುರ್ಗದ ಬಸ್ಸು ಹತ್ತಿ, ಅಲ್ಲಿಂದ ರಾಯಚೂರಿಗೆ ಹೋದರು. ಒಂದು ಶಾಲೆಯ ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ಅಲ್ಲಿ ಬೂಟು ಹೊಲಿಯುವ ಕೆಲಸಕ್ಕೆ ದೇವದುರ್ಗದ ಪಕೀರಪ್ಪನನ್ನು ಕರೆಸಿದ್ದರು. ಬಸ್‌ಸ್ಟ್ಯಾಂಡಿನ ಹತ್ತಿರ ಚಪ್ಪಲಿ ಹೊಲಿಯುವ ಮುದುಕ ಆತ. ಒಂದು ಕಾಗದದ ಮೇಲೆ ದುರುಗಮ್ಮನ ಪಾದ ಇರಿಸಿ, ಸುತ್ತಲೂ ಪೆನ್ಸಿಲ್ಲಿನಿಂದ ಗೆರೆ ಎಳೆದ. ಆಕೆಯ ಕಾಲನ್ನು ಇಷ್ಟು ವರ್ಷದಲ್ಲಿ ಬಹಳ ಜನ ಮುಟ್ಟಿದ್ದರು: ಎಣ್ಣೆ ಹಚ್ಚಲು, ಮಂತ್ರಿಸಲು, ಅಯ್ಯೋ ಅನ್ನಲು. ಅಳತೆ ತೆಗೆದುಕೊಳ್ಳಲೆಂದು ಮುಟ್ಟಿದವನು ಇವನೊಬ್ಬನೇ. ಆಕೆ ಆ ಗೆರೆಯನ್ನು ಬೆರಳಿನಿಂದ ಸವರಿದಳು. ಆಮೇಲೆ, "ಸ್ವಲ್ಪ ದೊಡ್ಡದು ಹೊಲಿ ತಾತ, ಬೆಳಿತೈತೋ ಏನೋ" ಎಂದಳು. ಪಕೀರಪ್ಪ ಗಹಗಹಿಸಿ ನಕ್ಕ.

ಎರಡು ತಿಂಗಳ ಮೇಲೆ ಮತ್ತೆ ಕರೆ ಬಂತು. ಬಲಗಾಲಿನ ಎರಡೂ ಮಗ್ಗುಲಿಗೆ ಕಬ್ಬಿಣದ ಸರಳು, ತೊಡೆಗೂ ಮೊಳಕಾಲಿಗೂ ಚರ್ಮದ ಪಟ್ಟಿ, ಕೆಳಗೆ ಸರಳುಗಳನ್ನು ಹಿಡಿದುಕೊಂಡ ಗಟ್ಟಿ ಬೂಟು. ನಿಂತಾಗ ಮೊಳಕಾಲಿನ ಹತ್ತಿರ ಒಂದು ಕೊಂಡಿ ಟಕ್ಕೆಂದು ಬೀಳುತ್ತಿತ್ತು. ಬಿತ್ತೆಂದರೆ ಕಾಲು ಬಾಗುವುದಿಲ್ಲ, ಭಾರ ಹೊರುತ್ತದೆ. ಕೈಗೊಂದು ಕೋಲು. ಎರಡು ಬಿದಿರಿನ ನಡುವೆ ಹತ್ತು ದಿನ ನಡೆಸಿದರು. ಮೊದಲನೆಯ ದಿನ ನಾಲ್ಕು ಸಲ ಬಿದ್ದಳು, ಎರಡನೆಯ ದಿನ ಎರಡು ಸಲ. ಮೂರನೆಯ ದಿನ ನಿಂತುಕೊಂಡೇ, ಪಕ್ಕದಲ್ಲಿ ನೆಲಕ್ಕೆ ಕೂತಿದ್ದ ಅಪ್ಪನ ಕಡೆ ನೋಡಿ, "ಯಪ್ಪಾ, ನಿನ್ನ ನಡುನೆತ್ತಿ ಬೋಳಾಗ್ಯಾದ!" ಎಂದು ಕೂಗಿದಳು. ಹತ್ತೊಂಬತ್ತು ವರ್ಷ ಅಪ್ಪನ ಮುಖವನ್ನು ಕೆಳಗಿನಿಂದಲೇ ಕಂಡವಳು ಆಕೆ. ಪರಮಣ್ಣ ನೆತ್ತಿ ಮುಟ್ಟಿಕೊಂಡು ನಗುತ್ತ ನಗುತ್ತ ಅತ್ತುಬಿಟ್ಟ.

ಅರಕೇರಾಕ್ಕೆ ಬಸ್ಸು ಬಂದು ನಿಂತಾಗ ದುರುಗಮ್ಮ ತಾನೇ ಇಳಿದಳು. ಟಕ್, ಟಕ್ ಎಂದು ಓಣಿಯುದ್ದಕ್ಕೂ ನಡೆದಳು. ಕನಕಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಕಟ್ಟೆಯ ಮೇಲಿನ ಮುದುಕರು ಎದ್ದು ನಿಂತರು. ಮನೆಯ ಮುಂದೆ ಭೀಮವ್ವ ಆರತಿ ಹಿಡಿದುಕೊಂಡು ನಿಂತಿದ್ದಳು, ಕಣ್ಣಲ್ಲಿ ಧಾರಾಕಾರ. ಆಕೆಯ ಪಕ್ಕಕ್ಕೆ ಮಾನ್ವಿಯಿಂದ ಬಂದಿದ್ದ ತಮ್ಮ ಮಾಳಿಂಗಪ್ಪ. ಪರಮಣ್ಣನಿಗೆ ಸೋದರಮಾವ, ಕುಲಕ್ಕೆ ಹಿರಿಯ, ಅವನ ಮಾತೆಂದರೆ ಎರಡನೆಯ ಮಾತಿಲ್ಲ.

ಭೀಮವ್ವ ಆರತಿ ಎತ್ತಿದಳು, ದೃಷ್ಟಿ ತೆಗೆದಳು, ಮೊಮ್ಮಗಳ ಕೆನ್ನೆ ಸವರಿ ನೆಟಿಗೆ ಮುರಿದಳು. ಆಮೇಲೆ ಎಂದಳು:

"ಸಾಕು ಯವ್ವಾ, ದಣಿದಿ. ಇನ್ನ ಕೆರ ಬಿಚ್ಚಿ ಒಳಗ ಬಾ."

ದುರುಗಮ್ಮನಿಗೆ ಅರ್ಥವಾಗಲಿಲ್ಲ. "ಆಯಿ, ಇದನ್ನ ಬಿಚ್ಚಿದ್ರ ನಡಿಯೂದು ಹ್ಯಾಂಗ? ಸಳಿ ಇದಕ್ಕೇ ಕಚ್ಚಿಕೊಂಡದ."

"ಒಳಗ ನಡದು ಏನು ಮಾಡ್ತಿ? ಒಳಗ ಇಷ್ಟು ದಿನ ಹ್ಯಾಂಗಿದ್ದಿ, ಹಂಗ ಇರು. ಹೊರಗ ಬಂದಾಗ ಹಾಕ್ಕೋ."

"ದೇವರಿರೂ ಮನಿ," ಎಂದು ಮಾಳಿಂಗಪ್ಪ ದನಿ ಎತ್ತಿದ. "ಒಳಗ ದೇವರ ಜಗಲಿ ಮ್ಯಾಲ ಅರಿಶಿನ ಬಂಡಾರ ಅದ. ನಮ್ಮ ಮುತ್ಯಾನ ಕಾಲದಿಂದ ಕೆರ ಈ ಹೊಸ್ತಲ ದಾಟಿಲ್ಲ. ಚರ್ಮ ಒಳಗ ಬಂತಂದ್ರ ಮನಿ ಉಳಿಯಂಗಿಲ್ಲ."

"ಮುತ್ಯಾ, ಜಗಲಿ ಮ್ಯಾಲ ಡೊಳ್ಳು ತೂಗ ಹಾಕೀರಲ್ಲ. ಅದಕ್ಕ ಬಿಗದದ್ದು ಚರ್ಮ ಅಲ್ಲೇನು?"

"ಡೊಳ್ಳು ದೇವರದು. ಕೆರ ಕಾಲಿಂದು."

"ಕಾಲು ಯಾರದು ಮತ್ತ?"

ಉತ್ತರವಿಲ್ಲದ ಹಿರಿಯರು ಮಾಡುವುದನ್ನೇ ಮಾಳಿಂಗಪ್ಪನೂ ಮಾಡಿದ; ಹುಡುಗಿಯನ್ನು ಬಿಟ್ಟು ಅಪ್ಪನ ಮೇಲೆ ಹರಿಹಾಯ್ದ. "ಹೆಣ್ಣು ಹಿಂಗ ಎದುರು ಮಾತಾಡೂದು ನಿಮ್ಮ ಮನ್ಯಾಗ ಯಾವಾಗ ಸುರು ಆತೋ ಪರಮಣ್ಣ?" ಪರಮಣ್ಣ ತಲೆ ಎತ್ತಿ, ತೆರೆದ ಬಾಗಿಲೊಳಗೆ ಕಾಣುವ ಮಾಳಿಗೆಯ ತೊಲೆಗಳನ್ನು ಎಣಿಸತೊಡಗಿದ. ಅವನ ಮನೆಗೆ ಎಷ್ಟು ತೊಲೆ ಎಂಬುದು ಅವನಿಗಿಂತ ಚೆನ್ನಾಗಿ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇಂಥ ಪ್ರಸಂಗ ಬಂದಾಗೆಲ್ಲ ಎಣಿಸಿದ್ದ.

ದುರುಗಮ್ಮ ಕಟ್ಟೆಯ ಮೇಲೆ ಕೂತು ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿದಳು. ಊರೆಲ್ಲ ನೋಡುತ್ತಿದ್ದಂತೆ ನಡೆದು ಬಂದಿದ್ದವಳು, ಊರೆಲ್ಲ ನೋಡುತ್ತಿದ್ದಂತೆ ಅಂಗೈ ಊರಿ ಹೊಸ್ತಿಲು ದಾಟಿ ಒಳಗೆ ಸರಿದಳು. ಅವತ್ತು ಮನೆಯಲ್ಲಿ ಹೋಳಿಗೆ ಮಾಡಿದ್ದರು. ಆಕೆ ಒಂದನ್ನೂ ಬಾಯಿಗೆ ಹಾಕಲಿಲ್ಲ.

ಆಮೇಲಿನ ನಾಲ್ಕು ತಿಂಗಳನ್ನು ಹೇಗೆ ಹೇಳಲಿ? ಬೂಟಿಗೆ ಐದು ಪಟ್ಟಿ, ಮೇಲೆ ಲಾಡಿ. ಕಟ್ಟಲು ಕಾಲು ತಾಸು, ಬಿಚ್ಚಲು ಅದರ ಅರ್ಧ. ನೀರು ತರಬೇಕೆಂದರೆ ಕಟ್ಟು. ತಂದ ನೀರನ್ನು ಒಳಗಿಡಬೇಕೆಂದರೆ ಬಿಚ್ಚು. ಒಲೆ ಉರಿಯುತ್ತಿರುವಾಗ ಹೊರಗಿನಿಂದ ಉರುವಲಿನ ಕೌಳಿ ತರಲು ಮತ್ತೆ ಕಟ್ಟು, ತಂದಮೇಲೆ ಮತ್ತೆ ಬಿಚ್ಚು. ದಿನಕ್ಕೆ ಏಳೆಂಟು ಸಲವಾದಾಗ ಎಂಥವರಿಗೂ ಸಾಕಾಗುತ್ತದೆ. ಮೊದಮೊದಲು ಹಟದಿಂದ ಕಟ್ಟಿಕೊಂಡಳು. ಬರಬರುತ್ತ ದಿನಕ್ಕೊಮ್ಮೆಯಾಯಿತು. ಮನೆಯ ಒಂದು ಮೊಳದ ಹೊಸ್ತಿಲು ಸರಕಾರದ ಶಿಬಿರವನ್ನು ಸೋಲಿಸುತ್ತ ಬಂತು.

ಸರ್ವರಿ ಬೇಗಂ ಸುಮ್ಮನಿರಲಿಲ್ಲ. "ನಾನೂ ದರ್ಗಾಕ್ಕ ಹೋದ್ರ ಚಪ್ಪಲಿ ಬಿಡ್ತೀನಿ ಭೀಮವ್ವಾ. ಮನಸು ಒಪ್ಪಂಗಿಲ್ಲ, ನನಗ ತಿಳಿತದ. ಆದ್ರ ಚಪ್ಪಲಿ ಬಿಟ್ಟು ನಾನು ನಡದೇ ಒಳಗ ಹೋಗ್ತೀನಿ. ಇಕಿ?" ಎಂದಳು. "ಹೋಗ್ಲಿ, ಮನಿ ಒಳಗ ಹಾಕ್ಕೊಳ್ಳಾಕಂತ ಬ್ಯಾರೆ ಒಂದು ಜೋಡು ಮಾಡಸೂಣು. ಓಣಿ ಮಣ್ಣು ಅದಕ್ಕ ಹತ್ತಂಗಿಲ್ಲ."

"ಮಣ್ಣು ಹತ್ತಿದ್ರ ತೊಳಕೋಬಹುದು ಯವ್ವಾ. ಚರ್ಮ ಚರ್ಮಾನೇ," ಎಂದಳು ಭೀಮವ್ವ.

"ಮುಟ್ಟಿದವರು ಯಾರು, ಹೊಲದವರು ಯಾರು, ಅದನ್ನೂ ನೋಡಬೇಕಲ್ಲ," ಎಂದು ಆಮೇಲೆ ಮುದುಕಿ ಸಣ್ಣ ದನಿಯಲ್ಲಿ ಸೇರಿಸಿದಳು. ಸರ್ವರಿ ಬೇಗಂ ಚೀಲ ಎತ್ತಿಕೊಂಡು ಹೊರಟುಹೋದಳು. ದುರುಗಮ್ಮನಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

ಹೊರಗೆ ಬಿಟ್ಟ ಚರ್ಮದ ಮೇಲೆ ದೇವರ ಕಣ್ಣು ಬೀಳದಿದ್ದರೂ ನಾಯಿಯ ಕಣ್ಣು ಬೀಳದೆ ಇರುತ್ತದೆಯೇ? ಒಂದು ಬೆಳಿಗ್ಗೆ ಎದ್ದು ನೋಡಿದರೆ ಕಟ್ಟೆಯ ಮೇಲೆ ಬೂಟೂ ಇಲ್ಲ, ಸರಳೂ ಇಲ್ಲ. ಊರ ನಾಯಿಗಳು ರಾತ್ರಿಯೆಲ್ಲ ಅದನ್ನು ಎಳೆದಾಡಿದ್ದವು. ಓಣಿಯವರೆಲ್ಲ ಹುಡುಕಿದರು. ಒಂದು ಪಟ್ಟಿ ಬೇವಿನ ಗಿಡದ ಬುಡದಲ್ಲಿ, ಇನ್ನೊಂದು ತಿಪ್ಪೆಯಲ್ಲಿ. ಬೂಟು ಸರಳಿನ ಸಮೇತ ಕೆರೆಯ ದಂಡೆಯಲ್ಲಿ ಸಿಕ್ಕಿತು, ಮುಂಭಾಗವನ್ನೆಲ್ಲ ತಿಂದು ಹಾಕಿದ್ದವು. ಅದನ್ನು ಕಂಡು ಕನಕಮ್ಮನ ಮಕ್ಕಳು ನಕ್ಕರು. ದುರುಗಮ್ಮನೂ ನಕ್ಕಳು, "ನಾಯಿಗಾದರೂ ನನ್ನ ಕಾಲು ರುಚಿ ಹತ್ತೇತಲ್ಲ" ಎಂದು. ಆದರೆ ಮಗಳು ಹಿತ್ತಲಲ್ಲಿ ಗೋಡೆಗೆ ಮುಖ ಮಾಡಿ ಅತ್ತದ್ದನ್ನು ಯಂಕಮ್ಮ ಕಂಡಳು. ಅವತ್ತು ಯಂಕಮ್ಮ ಜೀವಮಾನದಲ್ಲಿ ಮೊದಲ ಸಲ ಗಂಡನಿಗೆ ಆಜ್ಞೆ ಮಾಡಿದಳು: "ಕುರಿ ನಾನು ಕಾಯ್ತೀನಿ. ಅಕಿನ್ನ ದೇವದುರ್ಗಕ್ಕ ಕರಕೊಂಡು ಹೋಗು."

ಪಕೀರಪ್ಪ ಬೂಟನ್ನು ತಿರುಗಿಸಿ ತಿರುಗಿಸಿ ನೋಡಿದ. "ನಾ ಹೊಲದ ಬೂಟು ಹತ್ತು ವರ್ಷ ಬರಬೇಕು. ಯಾಕ ಯವ್ವಾ, ಹೊರಗ ಬಿಟ್ಟಿದ್ದೇನು?"

ದುರುಗಮ್ಮ ಎಲ್ಲವನ್ನೂ ಹೇಳಿದಳು. ಪಕೀರಪ್ಪ ದಾರಕ್ಕೆ ಮೇಣ ತಿಕ್ಕುತ್ತ ಕೇಳಿಸಿಕೊಂಡ. ಆಮೇಲೆ ತಣ್ಣಗೆ, ಮಳೆ ಬೆಳೆ ಮಾತಾಡಿದಂತೆ ಹೇಳಿದ:

"ನಾ ಮಾಡಿದ್ದು ಹೊಸ್ತಲದ ಹೊರಗ ಇರೂದು ನನಗೇನು ಹೊಸಾದಲ್ಲ. ನಾನೂ ಹೊರಗೇ ಇರಾಂವ. ಆದ್ರ ಯವ್ವಾ, ನಾ ಹೊರಗ ನಿಂತಿರ್ತೀನಿ. ನೀ ಒಳಗ ಹೋಗಿ ತೆವಳ್ತಿ. ಇಬ್ಬರಾಗ ಯಾರು ಚಂದ ಅದೀವಿ, ನೀನೇ ಹೇಳು."

ಈ ಮಾತು ಆಕೆಯ ಎದೆಗೆ ನೇರವಾಗಿ ಹೋಯಿತು. ಹೊಸ ತುದಿ ಹಚ್ಚಿದ ಬೂಟು ಕಟ್ಟಿಕೊಂಡು ಊರಿಗೆ ಬಂದಾಗ ಮನೆಯ ಮುಂದೆ ಆಕೆ ಕೂರಲಿಲ್ಲ. ಪಟ್ಟಿಗೆ ಕೈ ಹಾಕಲಿಲ್ಲ.

"ಆಯಿ, ಇವತ್ತಿನಿಂದ ನಾ ಇದನ್ನ ಬಿಚ್ಚಂಗಿಲ್ಲ, ಮಲಗುವಾಗ ಬಿಟ್ಟು. ಇದು ಒಳಗ ಬರಬಾರದು ಅಂದ್ರ ನಾನೂ ಬರಂಗಿಲ್ಲ. ಕದ್ದು ಬರಂಗಿಲ್ಲ, ಜಗಳ ಮಾಡಿ ಬರಂಗಿಲ್ಲ. ನೀನಾಗಿ ಕರದ ದಿನ ಬರ್ತೀನಿ."

"ಎಲ್ಲಿ ಇರ್ತಿ?"

"ಇಲ್ಲೇ, ಕಟ್ಟಿ ಮ್ಯಾಲ."

"ಮೂರು ದಿನಕ್ಕ ಒಳಗ ಬರ್ತಿ ಬಿಡು," ಎಂದಳು ಭೀಮವ್ವ. ಮೊಮ್ಮಗಳ ಹಟ ತನ್ನದೇ ಹಟದ ಪಾಲು ಎಂಬುದನ್ನು ಮುದುಕಿ ಮರೆತಿದ್ದಳು.

ಕಟ್ಟೆಯ ಮುಂದೆ ಮೊದಲೇ ಒಂದು ಚಪ್ಪರವಿತ್ತು. ಯಂಕಮ್ಮ ಮಗಳ ಹಾಸಿಗೆಯನ್ನು ಅಲ್ಲಿಗೆ ತಂದಳು, ಜತೆಗೆ ತನ್ನದನ್ನೂ. ತಾಯಿಯ ಎದುರು ಬಾಯಿ ಬಿಡಲಾರದ ಪರಮಣ್ಣ ಕಲ್ಲು ಹೊರಬಲ್ಲವನಾಗಿದ್ದ. ಯಾರೊಡನೆಯೂ ಮಾತಾಡದೆ ಹಳ್ಳದಿಂದ ಕಲ್ಲು ಹೊತ್ತು ತಂದ. ಬೂಟು ಕಟ್ಟಿಕೊಂಡವಳಿಗೆ ನೆಲಕ್ಕೆ ಕೂತು ಅಡಿಗೆ ಮಾಡುವುದು ಕಷ್ಟ, ನಿಲ್ಲುವುದು ಸುಲಭ. ಹಾಗಾಗಿ ಮಗಳನ್ನು ನಿಲ್ಲಿಸಿ ಆಕೆಯ ಸೊಂಟಕ್ಕೆ ಸರಿಯಾಗಿ ಕೋಲಿನಿಂದ ಅಳತೆ ತೆಗೆದುಕೊಂಡು, ಅಷ್ಟೆತ್ತರದ ಕಲ್ಲುಕಟ್ಟೆ ಕಟ್ಟಿ, ಮೇಲೆ ಮಣ್ಣಿನ ಒಲೆ ಹಾಕಿಕೊಟ್ಟ. ಪಕ್ಕಕ್ಕೆ ರೊಟ್ಟಿ ಬಡಿಯುವ ಹಲಗೆಗೆ ಜಾಗ, ಕೆಳಗೆ ಕೌಳಿ ಇಡಲು ಗೂಡು, ಆತುಕೊಂಡು ನಿಲ್ಲಲು ಒಂದು ಗೂಟ. ಇಂಥ ಒಲೆಯನ್ನು ಅರಕೇರಾ ಕಂಡಿರಲಿಲ್ಲ.

ಮರುದಿನ ಬೆಳಿಗ್ಗೆ ದುರುಗಮ್ಮ ನಿಂತುಕೊಂಡು ರೊಟ್ಟಿ ಬಡಿದಳು. ಸದ್ದು ಮೊದಲಿಗಿಂತ ಜೋರಾಗಿತ್ತು. ಮೈಯ ಭಾರವೆಲ್ಲ ಕೈಗೆ ಬರುತ್ತಿತ್ತು, ಹೊಗೆ ಕಣ್ಣಿಗೆ ತಾಗದೆ ತಲೆಯ ಮೇಲಿಂದ ಹೋಗುತ್ತಿತ್ತು. ಆಕೆ ಹಾಡುತ್ತಿದ್ದಳು. ಕೆಟ್ಟದಾಗಿ ಹಾಡುತ್ತಿದ್ದಳು, ಆದರೆ ಮನಸ್ಸು ಬಿಚ್ಚಿ ಹಾಡುತ್ತಿದ್ದಳು.

ಮೊದಲು ನಕ್ಕವರು ಓಣಿಯ ಹೆಂಗಸರು. "ಹೋಟೆಲ್ಲಿನ ಭಟ್ಟರ ಗತಿ ನಿಂತು ಅಡಗಿ ಮಾಡ್ತಾಳ ನೋಡ್ರೇ!" ಮೂರನೆಯ ದಿನ ಸೊಂಟನೋವಿನ ಕನಕಮ್ಮ, "ಒಂದು ನಾಕು ರೊಟ್ಟಿ ನಾನೂ ಬಡಕೊಳ್ಳಲೇನು ದುರುಗಿ?" ಎಂದು ಹಿಟ್ಟಿನ ಬುಟ್ಟಿ ತಂದಳು. ನಾಲ್ಕು ಅಂದವಳು ಹದಿನಾರು ಬಡಿದು ಹೋದಳು. ಐದನೆಯ ದಿನ ಅವಳ ಬಸುರಿ ಮಗಳು ಬಂದಳು. ತುಂಬಿದ ಹೊಟ್ಟೆಯಲ್ಲಿ ನೆಲಕ್ಕೆ ಬಗ್ಗಿ ಕೂರುವ ಹಿಂಸೆ ಇಲ್ಲಿರಲಿಲ್ಲ. ವಾರ ಕಳೆಯುವಷ್ಟರಲ್ಲಿ ಆ ಒಲೆಗೆ ಪಾಳಿ ಹಚ್ಚಬೇಕಾಯಿತು. ಕುಂಟಿಗೆಂದು ಕಟ್ಟಿದ್ದು ಕಾಲಿದ್ದವರಿಗೆಲ್ಲ ಬೇಕಾಯಿತು. ಒಬ್ಬರ ಕಷ್ಟಕ್ಕೆಂದು ಮನಸ್ಸಿಟ್ಟು ಮಾಡಿದ ಅನುಕೂಲ ಆ ಒಬ್ಬರಲ್ಲಿಗೇ ನಿಲ್ಲುವುದಿಲ್ಲ ಎನ್ನುವುದನ್ನು ನಮ್ಮ ದೊಡ್ಡ ದೊಡ್ಡ ಕಟ್ಟಡ ಕಟ್ಟುವವರು ಇನ್ನೂ ಕಲಿಯಬೇಕಾಗಿದೆ. ಅರಕೇರಾದ ಹೆಂಗಸರು ಒಂದೇ ವಾರದಲ್ಲಿ ಕಲಿತರು.

ಒಲೆ ಇದ್ದಲ್ಲಿ ಊಟ, ಊಟ ಇದ್ದಲ್ಲಿ ಮನೆಮಂದಿ. ಪರಮಣ್ಣ ಉಣ್ಣುವುದು ಹೊರಗೆ. ಯಂಕಮ್ಮ ಮಲಗುವುದು ಹೊರಗೆ. ಬಂದ ಬೀಗರು ಕೂರುವುದು ಹೊರಗೆ, ನರ್ಸಮ್ಮ ಚಹಾ ಕುಡಿಯುವುದು ಹೊರಗೆ. ದನದ ಕೊಟ್ಟಿಗೆಯ ಬೆಕ್ಕು ಕೂಡ ಹೊರಗಿನ ಒಲೆಯ ಗೂಡಿಗೇ ಬಿಡಾರ ಬದಲಿಸಿತು. ಮನೆಯೇ ಮನೆ ಬಿಟ್ಟು ಹೊರಗೆ ಬಂದಂತಾಗಿ, ಒಳಗೆ ಉಳಿದದ್ದು ಜಗಲಿಯ ದೇವರು ಮತ್ತು ಭೀಮವ್ವ. ಆಕೆ ತನ್ನ ಪಾಲಿನ ಎರಡು ರೊಟ್ಟಿಯನ್ನು ತಾನೇ ಒಳಗಿನ ಒಲೆಯಲ್ಲಿ ಸುಟ್ಟುಕೊಳ್ಳುತ್ತಿದ್ದಳು. ಮೊಣಕಾಲು ಹಿಡಿದುಕೊಂಡು "ಯವ್ವಾ, ಯಪ್ಪಾ" ಎನ್ನುತ್ತ ಏಳುತ್ತಿದ್ದಳು. ಹೊರಗಿನ ನಗು ಕೇಳಿದಾಗ ದೇವರ ಕಡೆ ತಿರುಗಿ, "ಕೇಳಿದ್ಯಾ ಇವರ ಆಟ?" ಎನ್ನುತ್ತಿದ್ದಳು. ಮೊಮ್ಮಗಳನ್ನು ಮಾತ್ರ ಒಳಗೆ ಕರೆಯಲಿಲ್ಲ. ದುರುಗಮ್ಮನಿಗೂ ಒಳಗೊಳಗೇ ಹೆದರಿಕೆ ಶುರುವಾಯಿತು. ಹೊರಗೆ ಎಷ್ಟು ನಗು ಇದ್ದರೂ ಅದು ಹೊರಗೇ ಅಲ್ಲವೇ? ತಾನು ಹುಟ್ಟಿದ ಮನೆಯಲ್ಲಿ ತಾನು ನಿಂತುಕೊಂಡು ಒಂದು ದೀಪ ಹಚ್ಚುವ ದಿನ ಬರದೇ ಹೋದರೆ?

ಇಪ್ಪತ್ತಮೂರನೆಯ ದಿನದ ಮಧ್ಯಾಹ್ನ. ಪರಮಣ್ಣ ಕುರಿಯ ಹಿಂದೆ, ಯಂಕಮ್ಮ ಹತ್ತಿ ಬಿಡಿಸಲು ಹೋಗಿದ್ದರು. ಓಣಿಯಲ್ಲಿ ಬಿಸಿಲು ಬಿಟ್ಟರೆ ಯಾರಿಲ್ಲ. ಒಳಗಿನಿಂದ ತಾಮ್ರದ ಕೊಡ ಉರುಳಿದ ಸದ್ದು, ಬೆನ್ನಿಗೇ ಭೀಮವ್ವನ ಚೀರಾಟ.

ದುರುಗಮ್ಮ ಟಕ್ ಟಕ್ ಎಂದು ಹೊಸ್ತಿಲಿಗೆ ಬಂದಳು. ಜಗಲಿಯ ಮುಂದೆ ಭೀಮವ್ವ ನೆಲದ ಮೇಲೆ ಬಿದ್ದಿದ್ದಳು. ಚೆಲ್ಲಿದ ನೀರಲ್ಲಿ ಕಾಲು ಜಾರಿ, ಮೊಣಕಾಲು ಹಿಡಿದುಕೊಂಡಿತ್ತು. ಎರಡೂ ಅಂಗೈ ಊರಿ ಮುಂದೆ ಸರಿಯಲು ನೋಡುತ್ತಿದ್ದಳು, ಬರುತ್ತಿರಲಿಲ್ಲ. ಮೊಮ್ಮಗಳು ಹದಿನಾರು ವರ್ಷ ಮಾಡಿದ ಕೆಲಸ ಅದು. ಮುದುಕಿಗೆ ಒಂದು ಗೇಣೂ ಸಾಗಲಿಲ್ಲ.

"ಆಯಿ! ಪೆಟ್ಟಾತೇನು?"

"ಎಬ್ಬಸು ಯವ್ವಾ, ಬಾ. ಮೊದಲ ಅದನ್ನ ಬಿಚ್ಚು."

"ಇದನ್ನ ಬಿಚ್ಚಿದ್ರ ನಾನೂ ನಿನ್ನ ಪಕ್ಕದಾಗ ಬಂದು ಬೀಳ್ತೀನಿ, ಅಷ್ಟೇ. ಇಬ್ಬರೂ ಕೂಡಿ ತೆವಳೂಣೇನು?"

"ಯಾರನ್ನರ ಕರಿ."

"ಯಾರೂ ಇಲ್ಲ ಆಯಿ. ಕೂಗ್ತೀನಿ ಬೇಕಾದ್ರ." ಓಣಿಯ ಕಡೆ ತಿರುಗಿ ಕನಕಮ್ಮನನ್ನು ಮೂರು ಸಲ ಕೂಗಿದಳು. ಬಾಗಿಲಿಗೆ ಬೀಗ ಇತ್ತು.

ದುರುಗಮ್ಮನ ಕಣ್ಣಲ್ಲಿ ನೀರು ತುಂಬಿತ್ತು. ಒಳಗೆ ಓಡಿಹೋಗಬೇಕೆಂದು ಜೀವ ಬಡಿದುಕೊಳ್ಳುತ್ತಿತ್ತು. ಆದರೂ ಬಾಗಿಲ ಚೌಕಟ್ಟಿಗೆ ಕೈಯೂರಿ ನಿಂತೇ ಹೇಳಿದಳು: "ಆಯಿ, ನೀ ಹೂಂ ಅಂದ್ರ ಈಗಿಂದೀಗ ಬರ್ತೀನಿ. ನೀ ಬ್ಯಾಡ ಅಂದ್ರೂ ಬರ್ತೀನಿ, ನಿನ್ನ ಹಿಂಗ ನೋಡಿಕೊಂತ ನಿಂದ್ರಂಗಿಲ್ಲ. ಆದ್ರ ಬ್ಯಾಡ ಅಂದಿ ಅಂದ್ರ, ಎಬ್ಬಿಸಿ ಕುಂಡ್ರಿಸಿ ಮತ್ತ ಹೊರಗ ಹೋಗ್ತೀನಿ. ಆಮ್ಯಾಲ ಎಂದೂ ಬರಂಗಿಲ್ಲ."

ಭೀಮವ್ವ ದೇವರ ಕಡೆ ನೋಡಿದಳು. ಡೊಳ್ಳಿನ ಕಡೆ ನೋಡಿದಳು. ಚಷ್ಮಾ ಎಲ್ಲೋ ಬಿದ್ದುಹೋಗಿತ್ತು. ಒರೆಸಲು ಏನೂ ಇರಲಿಲ್ಲ. ಹೊಸ್ತಿಲಲ್ಲಿ ಬೆಳಕಿಗೆ ಬೆನ್ನು ಮಾಡಿ ನಿಂತ ಮೊಮ್ಮಗಳು ಎಷ್ಟು ಎತ್ತರ ಇದ್ದಾಳೆಂಬುದನ್ನು ಆಕೆ ಕೆಳಗಿನಿಂದ ಅವತ್ತೇ ಕಂಡಳು.

"ಬಾ ನನ ಕೂಸೇ," ಎಂದಳು. "ಹಂಗೇ ಬಾ."

ದುರುಗಮ್ಮ ಕೋಲು ಆಚೆಗಿಟ್ಟು, ಬಲಗಾಲನ್ನು ಕೈಯಿಂದ ಎತ್ತಿ ಹೊಸ್ತಿಲು ದಾಟಿಸಿದಳು. ಕಂಬಕ್ಕೆ ಬೆನ್ನು ಕೊಟ್ಟು, ಬೂಟನ್ನು ನೆಲಕ್ಕೆ ಒತ್ತಿ, ಕೊಂಡಿ ಬಿದ್ದಿದೆಯೇ ಎಂದು ಒಮ್ಮೆ ಮುಟ್ಟಿ ನೋಡಿ, "ಹಿಡಿ ಆಯಿ, ಸಳೀನೇ ಹಿಡಿ. ಗಟ್ಟಿ ಅದ" ಎಂದಳು. ಭೀಮವ್ವ ಮೊದಲು ಬೂಟನ್ನು ಹಿಡಿದಳು, ಆಮೇಲೆ ಮೊಳಕಾಲಿನ ಚರ್ಮದ ಪಟ್ಟಿ, ಆಮೇಲೆ ತೊಡೆಯ ಹತ್ತಿರದ ಸರಳು. ಒಂದೊಂದೇ ಹಿಡಿದು ಮೇಲೆ ಬಂದಳು. ಕಾಲು ಅಲುಗಲಿಲ್ಲ. ಎದ್ದು ನಿಂತವಳು ಮೊಮ್ಮಗಳ ಕೊರಳಿಗೆ ಬಿದ್ದು ಗೊಳೋ ಎಂದು ಅತ್ತಳು. ನೋವಿಗೋ, ನಾಚಿಕೆಗೋ ಅವಳಿಗೇ ಗೊತ್ತು. ಅತ್ತು ಮುಗಿಸಿ, "ನಿನ್ನ ರೊಟ್ಟಿ ಎರಡು ತಗೊಂಡು ಬಾ. ಇಪ್ಪತ್ತಮೂರು ದಿನದಿಂದ ಕರಕಲು ತಿನ್ನಾಕತ್ತೀನಿ" ಎಂದಳು.

ಆ ಮೇಲಿನ ಬದಲಾವಣೆಗಳನ್ನೆಲ್ಲ ಮಾಡಿಸಿದವಳು ಭೀಮವ್ವನೇ. ಹಟ ಅದೇ, ದಿಕ್ಕು ಬೇರೆ. ಹೊಸ್ತಿಲನ್ನು ಕಡಿಯಲು ಮಾತ್ರ ಒಪ್ಪಲಿಲ್ಲ. ಅದರ ಎರಡೂ ಕಡೆ ಮಣ್ಣು ಹಾಕಿಸಿ ಇಳಿಜಾರು ಮಾಡಿಸಿದಳು. ಅದರ ಮೇಲೆ ಮೊದಲು ಒಳಗೆ ಬಂದದ್ದು ಎರಡು ದಿನದ ಕುರಿಮರಿ. ಎರಡನೆಯದಾಗಿ ಗೋಡೆ ಹಿಡಿಯದೆ ಹೊರಗೆ ಹೋದವಳು ಸ್ವತಃ ಭೀಮವ್ವ. ಅಡಿಗೆಮನೆಯ ಒಲೆ ಸೊಂಟದೆತ್ತರಕ್ಕೆ ಏರಿತು. ಸರ್ವರಿ ಬೇಗಂ ಒಳಗೆ ಬಂದು ಕೂತು ಚಹಾ ಕುಡಿದಳು. ರಿಪೇರಿಯ ನೆಪದಲ್ಲಿ ದೇವದುರ್ಗದ ಪಕೀರಪ್ಪನಿಗೂ ಕರೆ ಹೋಯಿತು. ಮುದುಕ ಅಂಗಳದಲ್ಲೇ ನಿಂತ. "ಬೂಟು ಒಳಗ ಬಂದದ, ಹೊಲದಾಂವ ಹೊರಗ ನಿಂದ್ರೂದೇನು? ಬಾರಪಾ" ಎಂದು ಭೀಮವ್ವ ತಾನೇ ಕೂಗಿದಳು. ಆಕೆಯ ದನಿ ನಡುಗುತ್ತಿತ್ತು. ಆದರೆ ಕೂಗಿದಳು.

ಬನದ ಹುಣ್ಣಿಮೆಯ ಸುಮಾರಿಗೆ ಮನೆದೇವರ ಕಾರ್ಯ ಬಂತು. ಬೀಗರು ನೆಂಟರು ಸೇರಿ ಪಡಸಾಲೆ ತುಂಬಿತ್ತು. ಮಾನ್ವಿಯಿಂದ ಮಾಳಿಂಗಪ್ಪ ಬಿಳಿ ರುಮಾಲು ಸುತ್ತಿ ಬಂದ; ಬಾಗಿಲಲ್ಲಿ ಕೆರ ಕಳೆದು, ಇಳಿಜಾರಿನ ಮೇಲೆ ಹೆಜ್ಜೆ ಇಟ್ಟವನು ಹಾಗೆಯೇ ನಿಂತ. ಒಳಗೆ ಜಗಲಿಯ ಮುಂದೆ ದುರುಗಮ್ಮ ಬೂಟು ಕಟ್ಟಿಕೊಂಡು, ನೆಟ್ಟಗೆ ನಿಂತು, ದೀಪಕ್ಕೆ ಎಣ್ಣೆ ಹಾಕುತ್ತಿದ್ದಳು.

"ಏನಿದು?" ಎಂದು ಗುಡುಗಿದ. "ಕೆರ ಹಾಕ್ಕೊಂಡು ದೇವರ ಮುಂದ! ಬಿಚ್ಚಸ್ರಿ ಅದನ್ನ. ಇಲ್ಲಂದ್ರ ನಾ ಈ ಮನಿ ಒಳಗ ಕಾಲಿಡಂಗಿಲ್ಲ."

ದುರುಗಮ್ಮ ಎಣ್ಣೆ ಬಟ್ಟಲನ್ನು ಜಗಲಿಯ ಮೇಲೆ ಇಟ್ಟಳು. ಪರಮಣ್ಣ ಅಭ್ಯಾಸದಂತೆ ತಲೆ ಎತ್ತಿದವನು ತೊಲೆಗಳನ್ನು ಬಿಟ್ಟು ಸೋದರಮಾವನ ಮುಖ ನೋಡಿದ. "ಬಿಚ್ಚಂಗಿಲ್ಲ ಮಾವಾ," ಎಂದ. ಅಷ್ಟೇ ಅಂದದ್ದು, ಆದರೂ ಬೆವೆತುಹೋದ.

ಭೀಮವ್ವ ಜನರ ನಡುವಿನಿಂದ ಎದ್ದು ಬಂದಳು. ತಮ್ಮನ ಮುಂದೆ ನಿಂತು, ಚಷ್ಮಾದೊಳಗಿಂದ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು.

"ತಮ್ಮಾ, ಅದು ಕೆರ ಅಲ್ಲ, ನನ್ನ ಮೊಮ್ಮಗಳ ಕಾಲು. ಕಾಲು ಬಿಚ್ಚಿ ಹೊರಗಿಟ್ಟು ಬರೂದು ನಮ್ಮ ಕುಲದ ಪದ್ಧತಿ ಅಂತಿಯೇನು? ಆತು. ನೀ ಹಿರಿಯಾ, ಮೊದಲ ನೀ ಬಿಚ್ಚಿಟ್ಟು ಬಾ. ಹಿಂದಿಂದ ಅಕಿಗೆ ನಾ ಹೇಳ್ತೀನಿ."

ಮಾಳಿಂಗಪ್ಪ ಬಗ್ಗಿ ತನ್ನ ಎರಡೂ ಕಾಲುಗಳನ್ನು ನೋಡಿಕೊಂಡ. ಬಹಳ ಹೊತ್ತು ನೋಡಿಕೊಂಡ. ಆಮೇಲೆ ಆ ಕಾಲುಗಳನ್ನು ತೆಗೆದುಕೊಂಡೇ ಒಳಗೆ ಬಂದ.